ಗುಜರಿ ರಾಜಣ್ಣನ ಬೆಳ್ಳಿ ಗಟ್ಟಿ

ಕಳೆದ ತಿಂಗಳ ಒಂದು ಭಾನುವಾರ ನಾನು ಆರು ಲೋಹದ ಗಟ್ಟಿಗಳಿಗೆ ಸ್ನಾನ ಮಾಡಿಸಿದೆ.

ತಮಾಷೆಯಲ್ಲ. ಸಾತನೂರು ಕಡೆಯ ಒಂದು ಊರಿನಲ್ಲಿ, ಹಿಪ್ಪುನೇರಳೆ ಸೊಪ್ಪಿನ ರಾಶಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಒಂದೊಂದು ಗಟ್ಟಿಯನ್ನೂ ತುಂಬಿದ ಪಾತ್ರೆಯಲ್ಲಿ ಮುಳುಗಿಸಿದೆ. ಹೊರಗೆ ಚೆಲ್ಲಿದ ನೀರನ್ನು ಕೆಳಗಿನ ತಟ್ಟೆಯಲ್ಲಿ ಹಿಡಿದು ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ತೂಗಿದೆ. ಪಕ್ಕದಲ್ಲಿ ನನ್ನ ಅತ್ತೆ ಟವೆಲ್ ಹಿಡಿದು ನಿಂತಿದ್ದರು. ಕೂಸಿಗೆ ನೀರು ಹಾಕುವಾಗ ನಿಲ್ಲುತ್ತಾರಲ್ಲ, ಹಾಗೆ.

ಫೋನಿನಲ್ಲಿ ಲೆಕ್ಕ ಹಾಕಿದೆ. ಗಟ್ಟಿಯ ತೂಕವನ್ನು ಚೆಲ್ಲಿದ ನೀರಿನ ತೂಕದಿಂದ ಭಾಗಿಸಿದರೆ ಹತ್ತೂವರೆಯ ಹತ್ತಿರ ಬಂತು. ಬೆಳ್ಳಿಗೆ ಎಷ್ಟಿರಬೇಕೋ ಅಷ್ಟೇ. ಸೀಸಕ್ಕೆ ಹನ್ನೊಂದರ ಮೇಲಿರಬೇಕು, ಕಬ್ಬಿಣಕ್ಕೆ ಎಂಟರ ಒಳಗೆ. ಎದ್ದು ನಿಂತು, ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹೇಳಿದೆ: ಬೆಳ್ಳಿ.

ವಿಶ್ವವಿದ್ಯಾಲಯದಲ್ಲಿ ಓದಿದವನು ಇಷ್ಟು ಖಚಿತವಾಗಿ ಮಾತಾಡಿದರೆ ಯಾರು ನಂಬುವುದಿಲ್ಲ? ನಾನೇ ನಂಬಿದೆ.

ಈಗ ಹಿಂದಿನಿಂದ ಹೇಳುತ್ತೇನೆ.

ಈ ಗಟ್ಟಿಗಳು ನನ್ನ ಸೋದರಮಾವ ರಾಜಣ್ಣನವರು ಬಿಟ್ಟುಹೋದವು. ಮಾವ ಕನಕಪುರದಲ್ಲಿ ಬಹಳ ಕಾಲ ಒಂದು ಸಣ್ಣ ಪ್ರೆಸ್ ನಡೆಸುತ್ತಿದ್ದರು. ಮದುವೆ ಪತ್ರಿಕೆ, ತಿಥಿ ಕಾರ್ಡು, ಎಲೆಕ್ಷನ್ ಕರಪತ್ರ, ಚನ್ನಪಟ್ಟಣದ ಗೊಂಬೆ ಡಬ್ಬಿಗಳಿಗೆ ಅಂಟಿಸುವ ಲೇಬಲ್ಲು, ಎಲ್ಲವನ್ನೂ ಅಚ್ಚುಮೊಳೆ ಜೋಡಿಸಿಯೇ ಮುದ್ರಿಸುತ್ತಿದ್ದರು. ಕಂಪ್ಯೂಟರ್ ಬಂತು. ಪ್ರೆಸ್ ಮುಚ್ಚಿತು. ಮೆಷಿನ್ನು, ಮೊಳೆ ಎಲ್ಲವನ್ನೂ ಮಾರಿ ಊರಿಗೆ ಬಂದರು ಎಂದು ನಾವೆಲ್ಲ ತಿಳಿದಿದ್ದೆವು.

ಊರಿಗೆ ಬಂದ ಮೇಲೆ ಅವರಿಗೆ ಹಳೇ ಸಾಮಾನು ಕೂಡಿಡುವ ಹುಚ್ಚು ಹಿಡಿಯಿತು. ಬೀಗವಿಲ್ಲದ ಕೀ, ಕೀ ಇಲ್ಲದ ಬೀಗ, ಎತ್ತಿನ ಕೊರಳ ಗಂಟೆ, ಒಂದೇ ತಟ್ಟೆ ಉಳಿದ ತಕ್ಕಡಿ. ಮಾಗಡಿ ಸಂತೆಗೆ ಕುರಿ ಕೊಳ್ಳಲು ಹೋದವರು ನಾಲಿಗೆ ಇಲ್ಲದ ಒಂದು ದೊಡ್ಡ ಗಂಟೆ ಹೊತ್ತುಕೊಂಡು ಬಂದರು. (ಕುರಿ ಬರಲಿಲ್ಲ. ಅತ್ತೆ ಅದನ್ನು ಇವತ್ತಿಗೂ ಮರೆತಿಲ್ಲ.) ಅಣ್ಣತಮ್ಮಂದಿರು, ದಾಯಾದಿಗಳು ಎಲ್ಲ ಸೇರಿ ಹೆಸರಿಟ್ಟರು: ಗುಜರಿ ರಾಜಣ್ಣ. ಎದುರಿಗೇ ಕರೆಯುತ್ತಿದ್ದರು. ಮಾವ ನಗುತ್ತಿದ್ದರು.

ನಗದೇ ಇದ್ದವಳು ಒಬ್ಬಳೇ, ಅವರ ಒಬ್ಬಳೇ ಮಗಳು ಭಾಗ್ಯ.

ಭಾಗ್ಯಳನ್ನು ಪಕ್ಕದ ಊರಿಗೇ ಕೊಟ್ಟಿದ್ದಾರೆ. ಗಂಡನ ಜೊತೆ ರೇಷ್ಮೆ ಮಾಡುತ್ತಾಳೆ, ಊರಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡಿ ತೆಗೆದುಕೊಳ್ಳುವ ಕೆಲಸವನ್ನೂ ಮಾಡುತ್ತಾಳೆ. ಮಾವ ಹೋದ ವರ್ಷ ತೀರಿಕೊಂಡ ಮೇಲೆ ಅತ್ತೆಯೂ ಅವಳ ಮನೆಯಲ್ಲೇ ಇದ್ದಾರೆ. ಮಾವ ಹೋಗುವ ಮುಂಚೆ ಅಟ್ಟದ ಕಡೆ ಕೈ ತೋರಿಸಿ ಅವಳಿಗೆ ಒಂದು ಮಾತು ಹೇಳಿದ್ದರಂತೆ: ‘ಆ ಗಟ್ಟಿಗಳು ನಿಂಗೆ ಕಣವ್ವ. ಗುಜರಿಗೆ ಮಾತ್ರ ಹಾಕ್ಬೇಡ.’

ಏನು ಗಟ್ಟಿ ಎಂದು ಅವರು ಹೇಳಲಿಲ್ಲ. ಇವಳು ಕೇಳಲಿಲ್ಲ. ಅಂಥ ಹೊತ್ತಿನಲ್ಲಿ ಯಾರು ಕೇಳುತ್ತಾರೆ?

ಅಟ್ಟದಿಂದ ಇಳಿಸಿದಾಗ ಬೂದುಬಣ್ಣಕ್ಕೆ ತಿರುಗಿದ್ದವಂತೆ. ಮೊಳದುದ್ದ, ಎತ್ತಿದರೆ ಮೊಣಕೈ ಜಗ್ಗುವಷ್ಟು ಭಾರ. ಅತ್ತೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದರು. ಮನೆಯಲ್ಲಿ ಏನೇ ಲೋಹ ಸಿಕ್ಕಿದರೂ ಅವರ ಮೊದಲ ಕೆಲಸ ಅದು. ತಿಕ್ಕಿದ ಮೇಲೆ ಬಿಳಿಯಾಗಿ ಹೊಳೆದವು. ಒಂದು ಗಟ್ಟಿಯ ತಳದಲ್ಲಿ ಸಣ್ಣ ಸಣ್ಣ ಉಬ್ಬು ಗೆರೆಗಳು ಕಂಡವು. ಏನೋ ಲಿಪಿ. ಕನ್ನಡವಲ್ಲ, ಹಿಂದಿಯಲ್ಲ, ತಮಿಳೂ ಅಲ್ಲ.

ಫೋಟೋ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಬಂತು. ಒಬ್ಬರು ಗಂಗರ ಕಾಲ ಎಂದರು. ಇನ್ನೊಬ್ಬರು ಸಾವನದುರ್ಗದ ಕೋಟೆಯಲ್ಲಿ ಹೂತಿಟ್ಟದ್ದೇ ಇದು ಎಂದು ಬರೆದು ಮೂರು ಕೈಮುಗಿದ ಚಿತ್ರ ಹಾಕಿದರು. ಫೋಟೋ ನೋಡಿ ವಸ್ತು ಗುರುತಿಸುವ ಆಪ್ ಒಂದರಲ್ಲಿ ನಾನು ಹುಡುಕಿದೆ. ಅದು ‘ಚಾಕೊಲೇಟ್ ಅಚ್ಚು’ ಎಂದಿತು. (ಆಪ್ ನೋಡಿ ನಕ್ಕೆ. ಮೂರರಲ್ಲಿ ಸತ್ಯಕ್ಕೆ ಹೆಚ್ಚು ಹತ್ತಿರ ಇದ್ದದ್ದು ಅದೇ ಎಂದು ಆಗ ಗೊತ್ತಿರಲಿಲ್ಲ.)

ಇಷ್ಟೇ ಆಗಿದ್ದರೆ ಗಟ್ಟಿಗಳನ್ನು ಮತ್ತೆ ಅಟ್ಟಕ್ಕೆ ಹಾಕಬಹುದಿತ್ತು. ಆದರೆ ಅದೇ ಹೊತ್ತಿಗೆ ಮಾವನ ಊರಿನಲ್ಲಿ ಮನೆದೇವರಿಗೆ ಹೊಸ ಬೆಳ್ಳಿ ಮುಖವಾಡ ಮಾಡಿಸುವ ಮಾತು ನಡೆಯುತ್ತಿತ್ತು. ಆ ದೇವರ ಒಕ್ಕಲಿನ ಒಂದೊಂದು ಮನೆಯವರೂ ಕೈಲಾದಷ್ಟು ಬೆಳ್ಳಿ ಕೊಡಬೇಕು. ಹಳೇ ಕಾಲುಚೈನು, ಮಗುವಿನ ಉಡಿದಾರ, ಕಾಲು ಮುರಿದ ದೀಪ, ಏನಾದರೂ. ಗೊತ್ತುಮಾಡಿದ ದಿನ ಅಕ್ಕಸಾಲಿಗರು ದೇವರ ಎದುರಿಗೇ ಎಲ್ಲವನ್ನೂ ಒಂದೇ ಮೂಸೆಯಲ್ಲಿ ಕರಗಿಸುತ್ತಾರೆ. ಕರಗಿದ ಮೇಲೆ ಯಾರದು ಹೆಚ್ಚು, ಯಾರದು ಕಡಿಮೆ ಎಂದು ಯಾರೂ ಹೇಳುವಂತಿಲ್ಲ. ಅದಕ್ಕೇ ಆ ಪದ್ಧತಿ.

ಭಾಗ್ಯ ಮದುವೆಯಾಗಿ ಬೇರೆ ಕುಲಕ್ಕೆ ಸೇರಿದವಳು. ಅಪ್ಪನ ಹೆಸರಲ್ಲಿ ಕೊಡಬೇಕಾದರೆ ಒಕ್ಕಲಿನ ಯಜಮಾನರಾದ ಪುಟ್ಟಸ್ವಾಮಣ್ಣನವರನ್ನು ಕೇಳಬೇಕು. ಮಾವನಿಗೆ ದಾಯಾದಿ ಅಣ್ಣ, ‘ಗುಜರಿ’ ಎಂಬ ಬಿರುದನ್ನು ಮೊದಲು ಕೊಟ್ಟವರು. ಇವಳು ಹೋಗಿ, ಅಪ್ಪನ ಗಟ್ಟಿಗಳನ್ನು ದೇವರಿಗೆ ಒಪ್ಪಿಸುತ್ತೇನೆ ಎಂದಳು. ಅವರು ಬೇಡ ಎನ್ನಲಿಲ್ಲ. ಎಲೆಅಡಿಕೆ ಮೆಲ್ಲುತ್ತಾ, ಜಗಲಿಯ ಮೇಲಿದ್ದ ನಾಲ್ಕು ಜನರ ಎದುರಿಗೆ ಇಷ್ಟು ಮಾತ್ರ ಕೇಳಿದರಂತೆ: ‘ಬೆಳ್ಳಿನೇ ತಾನೇ ಕಣವ್ವ?’

ನಾಲ್ಕು ಜನ ನಕ್ಕರು.

ಆ ಪ್ರಶ್ನೆಯನ್ನು ಭಾಗ್ಯ ಸೀದಾ ರಾಮನಗರಕ್ಕೆ, ನನ್ನ ಮನೆಗೆ ತಂದಳು.

ನನ್ನ ಹತ್ತಿರ ಯಾಕೆ? ನಾನು ಸಾಕ್ಷಿ, ಅದಕ್ಕೆ. ನಮ್ಮ ಮನೆಮಂದಿಗೆಲ್ಲ ಗೊತ್ತಿರುವ ನನ್ನದೊಂದು ನೆನಪಿದೆ. ಏಳನೇ ಕ್ಲಾಸೋ ಎಂಟನೆಯದೋ, ಬೇಸಿಗೆ ರಜೆ. ಮಾವನ ಮನೆಯ ಹಿತ್ತಿಲಲ್ಲಿ ಮೂರು ಕಲ್ಲಿನ ಒಲೆ, ಸೌದೆ ಉರಿ, ಮೇಲೆ ಕಬ್ಬಿಣದ ಬಾಣಲೆ. ಅದರೊಳಗೆ ಕನ್ನಡಿಯಂತೆ ಹೊಳೆಯುವ ದ್ರವ. ಮಾವ ಪಂಚೆ ಎತ್ತಿ ಕಟ್ಟಿ, ಉದ್ದ ಹಿಡಿಯ ಸೌಟಿನಲ್ಲಿ ಅದನ್ನು ಮೊಗೆದು ದೋಣಿಯಂಥ ಒಂದು ಅಚ್ಚಿಗೆ ಸುರಿಯುತ್ತಿದ್ದಾರೆ. ‘ಹತ್ರ ಬರ್ಬೇಡ ಕಣ್ಲಾ, ಬೆಳ್ಳಿ’ ಎನ್ನುತ್ತಾರೆ.

ಎಷ್ಟು ಸ್ಪಷ್ಟ ನೋಡಿ. ಒಲೆಯ ಹೊಗೆ ಕೂಡ ಯಾವ ಕಡೆಗೆ ಹೋಗುತ್ತಿತ್ತು ಎಂದು ಹೇಳಬಲ್ಲೆ. ಇಷ್ಟು ಸ್ಪಷ್ಟವಾಗಿರುವ ನೆನಪುಗಳ ಮೇಲೇ ನನಗೆ ಹೆಚ್ಚು ಅನುಮಾನ. ದಿನಚರಿ ಬರೆಯುವ ಅಭ್ಯಾಸ ಇರುವವರಿಗೆ ಇದು ಗೊತ್ತು. ಹತ್ತು ವರ್ಷದ ಹಿಂದಿನ ಪುಟ ತೆಗೆದರೆ, ಸುರಿವ ಮಳೆಯಲ್ಲಿ ನಡೆದಿತ್ತು ಎಂದು ಎಲ್ಲರಿಗೂ ಹೇಳಿಕೊಂಡು ಬಂದ ಘಟನೆ ಬಿಸಿಲಲ್ಲಿ ನಡೆದಿರುತ್ತದೆ.

ಹಾಗಾಗಿ ಭಾಗ್ಯಳನ್ನೇ ಕೇಳಿದೆ: ಅವು ಬೆಳ್ಳಿ ಎಂದು ನಿನಗೆ ಮೊದಲು ಹೇಳಿದವರು ಯಾರು?

‘ನೀನೇ ಬಾವ. ನಮ್ಮ ಮದ್ವೇಲಿ, ಊಟಕ್ಕೆ ಕೂತಾಗ.’

ನಾನು ಇಷ್ಟು ವರ್ಷ ಅಂದುಕೊಂಡದ್ದು ಬೇರೆ. ಮಾವ ಕರಗಿಸುತ್ತಿದ್ದುದು ಬೆಳ್ಳಿ ಎಂದು ಸಣ್ಣವಳಿದ್ದಾಗ ಭಾಗ್ಯಳೇ ನನಗೆ ಹೇಳಿದ್ದಳು, ಮಾವನ ಮಾತನ್ನು ಸರಿಯಾಗಿಯೇ ಕೇಳಿಸಿಕೊಂಡಿದ್ದೆ ಎಂಬ ಧೈರ್ಯ ನನಗೆ ಬಂದದ್ದು ಅದರಿಂದಲೇ. ಅವಳಿಗೆ ನಾನು ಸಾಕ್ಷಿ. ನನಗೆ ಅವಳು ಸಾಕ್ಷಿ. ಕೋರ್ಟಿನಲ್ಲಿ ನಮ್ಮಿಬ್ಬರನ್ನೂ ಎಬ್ಬಿಸಿ ಹೊರಗೆ ಕಳಿಸುತ್ತಿದ್ದರು.

ಅತ್ತೆಯನ್ನು ಕೇಳಿದರೆ, ಹಿತ್ತಿಲಲ್ಲಿ ಬಾಣಲೆ ಇಟ್ಟದ್ದು ನೆನಪಿದೆ, ಒಳ್ಳೇ ಬಾಣಲೆ ಹಾಳಾಯಿತು, ಒಳಗೆ ಏನು ಹಾಕಿದರೋ ತನಗೆ ಗೊತ್ತಿಲ್ಲ ಎಂದರು.

ಕನಕಪುರದಲ್ಲಿ ಚಿನ್ನ ಬೆಳ್ಳಿ ಪರೀಕ್ಷೆ ಮಾಡುವ ಮೆಷಿನ್ ಇಟ್ಟ ಅಂಗಡಿಗಳಿವೆ, ಒಂದು ಗಟ್ಟಿ ಒಯ್ದು ತೋರಿಸಿದರೆ ಐದು ನಿಮಿಷದ ಕೆಲಸ ಎಂದೆ. ಅತ್ತೆ ಒಪ್ಪಲಿಲ್ಲ. ದೇವರಿಗೆ ಎಂದು ಬಾಯಲ್ಲಿ ಆಡಿದ ಮೇಲೆ ಅದು ಮೀಸಲು. ಮೀಸಲಿನ ಬೆಳ್ಳಿಯನ್ನು ಅಂಗಡಿಯಲ್ಲಿಟ್ಟು ಗೀಚಿಸುವುದು, ಒರೆಗೆ ಹಚ್ಚುವುದು ಎಲ್ಲಾದರೂ ಉಂಟೇ? ನೀರು ಹಾಕಬಹುದೇ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, ಅದು ಆಗಬಹುದು, ದೇವರಿಗೂ ನೀರು ಹಾಕುತ್ತೇವಲ್ಲ ಎಂದರು.

ಆ ಭಾನುವಾರದ ಸ್ನಾನ ನಡೆದದ್ದು ಹೀಗೆ.

‘ಬೆಳ್ಳಿ’ ಎಂದು ನಾನು ಘೋಷಿಸಿದಾಗ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಭಾಗ್ಯ ಮಾತ್ರ ತಕ್ಕಡಿಯನ್ನೇ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ ಹೇಳಿದಳು: ‘ಡೇರೀಲಿ ಲ್ಯಾಕ್ಟೋಮೀಟರ್ ಮಾಡೋದೂ ಇದೇ ಕೆಲ್ಸ ಬಾವ. ಹಾಲಿಗೆ ನೀರು ಹಾಕಿ, ಮೇಲೆ ಒಸಿ ಸಕ್ಕರೆ ಹಾಕ್ಬುಟ್ರೆ ಅದು ಸರಿಯಾಗೇ ತೋರ್ಸತ್ತೆ.’

ಲೋಹಕ್ಕೆ ಯಾರು ಸಕ್ಕರೆ ಹಾಕುತ್ತಾರೆ ಎಂದು ನಾನು ನಕ್ಕೆ. ಅವಳೂ ನಕ್ಕಳು. ಆದರೆ ಸಂಜೆ ಬಸ್ಸಿನಲ್ಲಿ ವಾಪಸ್ ಬರುವಾಗ ಆ ಸಕ್ಕರೆ ಇನ್ನೂ ಕರಗದೆ ನನ್ನ ಬಾಯಲ್ಲೇ ಇತ್ತು.

ಕರಗಿಸುವ ದಿನಕ್ಕೆ ನಾಲ್ಕೈದು ದಿನ ಉಳಿದಿರುವಾಗ ಅತ್ತೆ ಮನೆಯಲ್ಲಿ ಗಟ್ಟಿಗಳಿಗೆ ಪೂಜೆ ಇಟ್ಟುಕೊಂಡರು. ಕೊಡುವ ಮುಂಚೆ ನಮ್ಮ ಕಡೆಯಿಂದ ಒಂದು ಕೈಮುಗಿತ. ನನ್ನನ್ನೂ ಕರೆದರು. ಒಗೆದ ಬಿಳೀ ಪಂಚೆಯೊಂದನ್ನು ಮಣೆಯ ಮೇಲೆ ಹಾಸಿದ್ದರು. (ಮಾವನದ್ದೇ ಪಂಚೆ.) ಹರಳೆಣ್ಣೆಯಲ್ಲಿ ಕುಂಕುಮ ಕಲಸಿ ಒಂದೊಂದು ಗಟ್ಟಿಗೂ ಬಳಿದರು. ಲಿಪಿ ಇದ್ದ ಗಟ್ಟಿಗೆ ಅದರ ತಳಕ್ಕೂ, ಆ ಅಕ್ಷರಗಳ ಮೇಲೂ ಭಕ್ತಿಯಿಂದ ಸ್ವಲ್ಪ ಹೆಚ್ಚೇ ಹಚ್ಚಿದರು. ಸಾಲಾಗಿ ಮಲಗಿಸಿದರು. ಕಾಯಿ ಒಡೆದು, ಮಂಗಳಾರತಿ ಮಾಡಿ, ಆ ಗಟ್ಟಿಯನ್ನು ಎತ್ತಿದರು.

ಪಂಚೆಯ ಮೇಲೆ ಕೆಂಪಗೆ ಐದು ಅಕ್ಷರ ಮೂಡಿದ್ದವು.

ಭಿಲಾಷಿಗಳು.

ಅಚ್ಚ ಕನ್ನಡದ ಅಚ್ಚಿನ ಅಕ್ಷರ. ಗಂಗರದಲ್ಲ, ಕೋಟೆಯದಲ್ಲ. ಗಟ್ಟಿಯ ಮೇಲೆ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿದ್ದುದರಿಂದ ನಮ್ಮ ಕಣ್ಣಿಗೆ ಅದು ಗೊತ್ತಿಲ್ಲದ ಲಿಪಿಯಾಗಿತ್ತು, ಅಷ್ಟೇ.

ಕನ್ನಡದ ಒಂದು ಮದುವೆ ಪತ್ರಿಕೆಯನ್ನಾದರೂ ಓದಿದವರಿಗೆ ಆ ಪದ ಎಲ್ಲಿಂದ ಬಂದದ್ದು ಎಂದು ಹೇಳಬೇಕಿಲ್ಲ. ಕೊನೆಯಲ್ಲಿ, ಕರೆಯುವವರ ಹೆಸರಿನ ಮೇಲೆ ಇರುತ್ತದಲ್ಲ. ಭಾಗ್ಯ ಪಂಚೆಯ ಮುಂದೆ ಮಂಡಿಯೂರಿ ಕೂತು ಪದವನ್ನು ಪೂರ್ತಿ ಮಾಡಿದಳು. ‘ಆಗಮನಾಭಿಲಾಷಿಗಳು,’ ಎಂದಳು. ಆಮೇಲೆ, ‘ಅಪ್ಪನ ಪ್ರೆಸ್ಸು ಬಾವ ಇದು. ಪ್ರೆಸ್ಸಿನ ಸೀಸ.’

ಮೀಸಲು ಎಂಬ ಮಾತು ಆ ಕ್ಷಣಕ್ಕೆ ಬಿದ್ದುಹೋಯಿತು. ಮರುದಿನ ಬೆಳಿಗ್ಗೆಯೇ ಅವಳೂ ನಾನೂ ಬೇರೆ ಒಂದು ಗಟ್ಟಿಯನ್ನು ಚೀಲದಲ್ಲಿ ಹಾಕಿಕೊಂಡು ಕನಕಪುರಕ್ಕೆ ಹೋದೆವು. ಅಂಗಡಿಯವರು ಮೆಷಿನ್ನಿನೊಳಗೆ ಇಟ್ಟರು. ಬೆಳ್ಳಿ ಇಲ್ಲವೇ ಇಲ್ಲ. ಹೆಚ್ಚಿನ ಪಾಲು ಸೀಸ, ಜೊತೆಗೆ ತವರ, ಆಂಟಿಮನಿ ಎಂಬ ಇನ್ನೊಂದು ಲೋಹ. ಅಚ್ಚುಮೊಳೆ ಗಟ್ಟಿಯಾಗಿರಲಿ ಎಂದು ಸೀಸಕ್ಕೆ ಅವನ್ನು ಬೆರೆಸುತ್ತಾರೆ. ಆ ಎರಡೂ ಹಗುರ. ಬೆರೆತಾಗ ಸೀಸದ ಭಾರ ಇಳಿದು ಸರಿಯಾಗಿ ಬೆಳ್ಳಿಯ ಮನೆಯಂಗಳಕ್ಕೇ ಬಂದು ನಿಲ್ಲುತ್ತದೆ. ಭಾಗ್ಯ ನನ್ನ ಕಡೆ ತಿರುಗಿ, ‘ಸಕ್ಕರೆ,’ ಎಂದಳು.

ಅಂಗಡಿಯವರು ಇನ್ನೊಂದು ವಿಷಯ ಹೇಳಿದರು. ಇದನ್ನು ಬೆಳ್ಳಿಯ ಮೂಸೆಯ ಹತ್ತಿರವೂ ಸೇರಿಸಬೇಡಿ. ಬೆರೆತರೆ ಇಡೀ ಪಾಕ ಕಪ್ಪಾಗಿ, ಸುತ್ತಿಗೆ ಬಿದ್ದ ಕಡೆಯೆಲ್ಲ ಬಿರುಕು ಬಿಡುತ್ತದೆ. ಮತ್ತೆ ಬೇರ್ಪಡಿಸುವುದು ದೊಡ್ಡ ರಗಳೆ. ಮುಟ್ಟಿದ ಮೇಲೆ ಕೈಯನ್ನೂ ಚೆನ್ನಾಗಿ ತೊಳೆದುಕೊಳ್ಳಿ.

ಊರಿನ ಅಷ್ಟೂ ಮನೆಗಳ ಕಾಲುಚೈನು, ಅಷ್ಟೂ ಮಕ್ಕಳ ಉಡಿದಾರ. ಒಂದೇ ಮೂಸೆ. ದೇವರ ಎದುರಿಗೆ. ಅದರಲ್ಲಿ ನನ್ನ ಹತ್ತೂವರೆ.

ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುವಾಗ ಹಿತ್ತಿಲಿನ ಆ ಚಿತ್ರವನ್ನು ಮತ್ತೆ ತೆಗೆದು ನೋಡಿದೆ. ಮೂರು ಕಲ್ಲಿನ ಒಲೆ. ಸೌದೆ ಉರಿ. ಬಾಣಲೆ. ಸೌದೆ ಒಲೆಯಲ್ಲಿ ಬೆಳ್ಳಿ ಕರಗುತ್ತದೆಯೇ? ಅದಕ್ಕೆ ತಿದಿ ಬೇಕು, ಕುಲುಮೆ ಬೇಕು. ಸೀಸ ಕರಗುತ್ತದೆ. ಉತ್ತರ ನನ್ನ ನೆನಪಿನೊಳಗೇ ಇಷ್ಟು ವರ್ಷ ಉರಿಯುತ್ತಿತ್ತು. ಆ ಪ್ರಶ್ನೆಯನ್ನು ನನ್ನ ನೆನಪಿಗೆ ನಾನು ಒಮ್ಮೆಯೂ ಕೇಳಿರಲಿಲ್ಲ. ನಾನು ಅಂಕಣ ಬರೆಯುವ ಪತ್ರಿಕೆಯ ಭಾಷೆಯಲ್ಲಿ ಹೇಳುವುದಾದರೆ ಚಿತ್ರ ಸರಿಯಾಗಿತ್ತು, ಅಡಿಬರಹ ತಪ್ಪಾಗಿತ್ತು. ‘ಬೆಳ್ಳಿ’ ಎಂದವರು ಮಾವನೋ, ಭಾಗ್ಯಳೋ, ಹೊಳಪು ನೋಡಿದ ನಾನೋ? ಇನ್ನು ಗೊತ್ತಾಗುವುದಿಲ್ಲ.

ಇನ್ನೊಂದೂ ಗೊತ್ತಾಗುವುದಿಲ್ಲ. ಎಲ್ಲ ಮೊಳೆಗಳೂ ಕರಗಿದ್ದರೂ ಆ ಒಂದು ತುಂಡು ಸಾಲು ಮಾತ್ರ ಕರಗದೆ ಹೇಗೆ ಉಳಿಯಿತು? ಅಚ್ಚಿನ ತಳದಲ್ಲಿ ಆಕಸ್ಮಿಕವಾಗಿ ಬಿದ್ದಿತ್ತೇ? ಅಥವಾ ಪ್ರೆಸ್ ಮುಚ್ಚಿದ ಮನುಷ್ಯ, ಅತಿ ಹೆಚ್ಚು ಸಲ ಮುದ್ರಿಸಿದ ಪದವನ್ನು ತಳದಲ್ಲಿ ಬೋರಲು ಮಲಗಿಸಿ, ಅದರ ಮೇಲೆ ಉಳಿದ ಎಲ್ಲ ಪದಗಳನ್ನೂ ಸುರಿದರೇ? ಗುಜರಿಗೆ ಹಾಕಬೇಡ ಎಂದರಲ್ಲ. ನನಗೆ ಎರಡನೆಯದು ಇಷ್ಟ. ಇಷ್ಟವಾದದ್ದಕ್ಕೇ ಅದನ್ನು ನಂಬಲು ಭಯ.

ಈಗ ಪುಟ್ಟಸ್ವಾಮಣ್ಣನವರಿಗೆ ಉತ್ತರ ಹೇಳಬೇಕಿತ್ತು. ನಾನು ಸುಲಭದ ದಾರಿ ಸೂಚಿಸಿದೆ: ಏನೋ ಅನುಕೂಲವಾಗಲಿಲ್ಲ ಎಂದು ಫೋನಿನಲ್ಲಿ ಹೇಳಿ ಮುಗಿಸು. ಭಾಗ್ಯ ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ. ಲಿಪಿಯ ಗಟ್ಟಿಯನ್ನೂ, ಕುಂಕುಮದ ಅಕ್ಷರ ಬಿದ್ದ ಪಂಚೆಯನ್ನೂ ತೆಗೆದುಕೊಂಡು ಅಪ್ಪನ ಊರಿಗೆ ಹೊರಟಳು. ನಾನು ಹಿಂದೆ ಹೋದೆ.

ಅದೇ ಜಗಲಿ, ಅದೇ ಎಲೆಅಡಿಕೆ, ಹೆಚ್ಚುಕಡಿಮೆ ಅದೇ ನಾಲ್ಕು ಜನ. ಭಾಗ್ಯ ಗಟ್ಟಿಯನ್ನು ಜಗಲಿಯ ಮೇಲಿಟ್ಟು ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಬೆಳ್ಳಿಯಲ್ಲ, ಸೀಸ. ಅಪ್ಪನ ಪ್ರೆಸ್ಸಿನದು. ಮೂಸೆಗೆ ನನ್ನದೇ ಕಾಲುಚೈನು ಹಾಕುತ್ತೇನೆ ಎಂದಳು.

ಪುಟ್ಟಸ್ವಾಮಣ್ಣ ಪಕ್ಕಕ್ಕೆ ಉಗಿದು ಬಂದು ಕೂತರು. ‘ಕೊನೆಗೂ ಗುಜರಿನೇ ತಂದ್ಯಲ್ಲವ್ವ.’

‘ಹೂಂ ದೊಡ್ಡಪ್ಪ, ಗುಜರಿನೇ. ನಿಮ್ಮ ದೊಡ್ಡ ಮಗನ ಮದ್ವೆ ಕಾರ್ಡು ಈ ಗುಜರಿ ಒಳಗೇ ಐತೆ. ನಿಮ್ಮಪ್ಪನ ತಿಥಿ ಕಾರ್ಡೂ ಐತೆ. ಈ ಊರಲ್ಲಿ ಯಾರನ್ನ ಯಾರು ಕರೆದಿದ್ರೂ ಎಲ್ಲಾ ಇದ್ರೊಳಗೇ ಐತೆ.’

ಈ ಸಲ ನಾಲ್ಕು ಜನ ನಗಲಿಲ್ಲ. ಅವರಲ್ಲಿ ಒಬ್ಬರು ಎದ್ದು ಬಂದು ಗಟ್ಟಿಯನ್ನು ಎತ್ತಿ ನೋಡಿ, ತಮ್ಮ ತಂಗಿಯ ಮದುವೆಯ ಕಾರ್ಡನ್ನೂ ರಾಜಣ್ಣನೇ ಮಾಡಿಕೊಟ್ಟದ್ದು, ವರನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿ ಎಲ್ಲವನ್ನೂ ಮತ್ತೆ ಅಚ್ಚು ಹಾಕಿಕೊಟ್ಟಿದ್ದ ಎಂದರು. ಇನ್ನೊಬ್ಬರು ಅದು ತಂಗಿಯದಲ್ಲ, ಅಕ್ಕನ ಮದುವೆ ಎಂದರು. ಅಲ್ಲಿಂದ ಮಾತು ಎತ್ತಲೋ ಹೋಯಿತು. ಪುಟ್ಟಸ್ವಾಮಣ್ಣ ಮಾತ್ರ ಪಂಚೆಯ ಮೇಲಿನ ಕೆಂಪು ಅಕ್ಷರಗಳನ್ನೇ ನೋಡುತ್ತಿದ್ದರು. ಆಮೇಲೆ, ಮುಖವಾಡ ಒಪ್ಪಿಸುವ ದಿನದ ಆಹ್ವಾನ ಪತ್ರಿಕೆ ಇನ್ನೂ ಪ್ರಿಂಟಿಗೆ ಹೋಗಿಲ್ಲ ಅಲ್ಲವೇ ಎಂದು ಮಗನನ್ನು ವಿಚಾರಿಸಿದರು. ಹೋಗಿಲ್ಲ ಎಂದ.

‘ಹಂಗಾದ್ರೆ ಕೊನೇ ಸಾಲು ಖಾಲಿ ಬುಟ್ಟು ಮಾಡ್ಸು,’ ಎಂದರು. ‘ಅದನ್ನ ಇವ್ಳು ಒತ್ತಲಿ. ಕೆಳಗೆ ರಾಜಣ್ಣನ ಹೆಸ್ರು ಹಾಕು, ಮಗಳ ಹೆಸ್ರು ಹಾಕು, ಆಮೇಲೆ ನಮ್ದು.’

ಗುಜರಿ ಎಂಬ ಪದ ಆ ಹೆಸರಿನ ಹಿಂದೆ ಇರಲಿಲ್ಲ. ಇದನ್ನು ನಾನು ಅದೇ ದಿನ ದಿನಚರಿಯಲ್ಲಿ ಬರೆದಿಟ್ಟಿದ್ದೇನೆ. ಆದ್ದರಿಂದ ನೀವು ನಂಬಬಹುದು.

ಮೂಸೆಯಲ್ಲಿ ಬೆಳ್ಳಿ ಯಾವ ಕಪ್ಪೂ ಇಲ್ಲದೆ ಕರಗಿತು. ಆಮೇಲಿನ ಭಾನುವಾರ ಭಾಗ್ಯಳ ಮನೆಯ ನಡುಮನೆಯಲ್ಲಿ ಕಾರ್ಡುಗಳ ಕಟ್ಟು ಬಿಚ್ಚಿಕೊಂಡು ಕೂತೆವು. ಅತ್ತೆ ಹರಳೆಣ್ಣೆಯಲ್ಲಿ ಕುಂಕುಮ ಕಲಸಿಕೊಟ್ಟರು. ಗಟ್ಟಿಯಲ್ಲಿರುವುದು ಅರ್ಧ ಪದ ತಾನೇ? ಮೊದಲರ್ಧವಾದ ‘ಆಗಮನಾ’ವನ್ನು ಕೆಂಪು ಪೆನ್ನಿನಲ್ಲಿ ಬರೆಯುವ ಕೆಲಸ ನನ್ನದು. ಉಳಿದದ್ದನ್ನು ಭಾಗ್ಯ ಒತ್ತುತ್ತಿದ್ದಳು, ಎರಡೂ ಕೈಯಲ್ಲಿ ಗಟ್ಟಿ ಹಿಡಿದು, ರೊಟ್ಟಿ ತಟ್ಟುವವರ ಏಕಾಗ್ರತೆಯಲ್ಲಿ. ಮಾವನ ಅರ್ಧ ಪ್ರತಿ ಸಲವೂ ನೆಟ್ಟಗೆ ಬಿತ್ತು. ನನ್ನ ಅರ್ಧ ಓರೆಯಾಗುತ್ತಲೇ ಹೋಯಿತು. ಇಷ್ಟು ವರ್ಷದಿಂದ ವಾರವಾರ ಬರೆಯುವ ಕೈ ಇದು. ಮುಗಿದ ಮೇಲೆ ಭಾಗ್ಯ ಎಲ್ಲರನ್ನೂ ಹಿತ್ತಿಲಿಗೆ ಕರೆದೊಯ್ದು, ಸೋಪು ಹಾಕಿ ಮೊಣಕೈವರೆಗೆ ಕೈ ತೊಳೆಸಿದಳು. ಡೇರಿಯ ಶಿಸ್ತು.

ಪುಟ್ಟಸ್ವಾಮಣ್ಣನವರ ಮನೆಯ ಕಾರ್ಡಿನ ಮೇಲೆ ಮಾತ್ರ ಅವಳು ಉಸಿರು ಬಿಗಿಹಿಡಿದು, ಉಳಿದ ಎಲ್ಲದಕ್ಕಿಂತ ಬಲವಾಗಿ, ಬೇಕೆಂದೇ ಕಾರ್ಡಿನ ಹಿಂಬದಿಯಲ್ಲೂ ಮೂಡುವಷ್ಟು ಒತ್ತಿದಳು ಎಂದು ನನಗೆ ನೆನಪು. ಆದರೆ ನನ್ನ ನೆನಪನ್ನು ಇನ್ನು ಮೇಲೆ ಯಾರು ನಂಬುತ್ತಾರೆ?